ಎರಡು ಚೀಟಿ: ಒಂದು ಭಾರವಾದ ನಕ್ಷತ್ರ, ಒಂದು ಎಂ.ಎಸ್‌ಸಿ. ಪ್ರಾಜೆಕ್ಟ್

ಮೈಸೂರಿನ ಒಂದು ಸ್ನಾತಕೋತ್ತರ ಭೌತವಿಜ್ಞಾನ ವಿಭಾಗದಲ್ಲಿ ನಡೆದದ್ದು ಇದು. ವಿದ್ಯಾರ್ಥಿನಿಯ ಹೆಸರನ್ನೂ ವರ್ಷವನ್ನೂ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕವನ್ನೂ ತಪ್ಪುಗಳನ್ನೂ ಮಾತ್ರ ಹೇಗಿದ್ದವೋ ಹಾಗೆಯೇ ಇಟ್ಟಿದ್ದೇನೆ. ತಪ್ಪುಗಳಲ್ಲಿ ಅರ್ಧ ನನ್ನವು, ಏಕೆಂದರೆ ಮಾರ್ಗದರ್ಶಕಿ ನಾನೇ.

ಹಿನ್ನೆಲೆ

ನಾಲ್ಕನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿಷಯ ಕೇಳಲು ಬಂದಾಗ ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಒಂದು ಸಂಖ್ಯೆ ಇತ್ತು: 2.59. ಅದರ ಸುತ್ತ ಕೆಂಪು ವೃತ್ತ. 2019ರ ಆಗಸ್ಟ್ 14ರಂದು ಲೈಗೊ ಮತ್ತು ವರ್ಗೊ ಉಪಕರಣಗಳಿಗೆ ಸಿಕ್ಕಿದ ಗುರುತ್ವ ಅಲೆಯ ಸಂಖ್ಯೆ ಅದು. ಸುಮಾರು 80 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಾಯಗಳು ಒಂದನ್ನೊಂದು ಸುತ್ತಿ ಸುತ್ತಿ ಒಂದಾಗಿದ್ದವು. ಒಂದು ಸೂರ್ಯನ 23 ಪಟ್ಟು ತೂಗುವ ಕಪ್ಪುಕುಳಿ. ಇನ್ನೊಂದರ ತೂಕ ಸೂರ್ಯನ 2.59 ಪಟ್ಟು. ಇದು ಏನು ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಕಪ್ಪುಕುಳಿ ಎನ್ನಲು ತೀರಾ ಹಗುರ, ನ್ಯೂಟ್ರಾನ್ ನಕ್ಷತ್ರ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ದಟ್ಟ ತಿರುಳು) ಎನ್ನಲು ತೀರಾ ಭಾರ. ಆ ಘಟನೆಯಿಂದ ಬೆಳಕೂ ಕಾಣಿಸಲಿಲ್ಲ.

(ತೂಕ ಎಂದು ಬರೆಯುತ್ತಿದ್ದೇನೆ. ದ್ರವ್ಯರಾಶಿ ಎನ್ನುವುದೇ ಸರಿ. ಹುಡುಗಿ ಮಂಡ್ಯದ ಕಡೆಯವಳು, ಕಬ್ಬು ಬೆಳೆಯುವ ಮನೆಯವಳು. ಅವಳ ಜೊತೆ ಆರು ತಿಂಗಳು ಮಾತಾಡಿ ನನಗೂ ತೂಕ ಎಂದೇ ಬಾಯಿಗೆ ಬರುತ್ತದೆ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದರೆ ಅಂಕ ಕಡಿಯುತ್ತೇನೆ.)

ನ್ಯೂಟ್ರಾನ್ ನಕ್ಷತ್ರಕ್ಕೆ ಮಿತಿ ಏಕೆ ಎನ್ನುವುದು ಸರಳ. ಹೊರಗಿನಿಂದ ಗುರುತ್ವ ಒತ್ತುತ್ತದೆ, ಒಳಗಿನಿಂದ ದ್ರವ್ಯ ತಡೆಯುತ್ತದೆ. ಐನ್‌ಸ್ಟೈನರ ಗುರುತ್ವದಲ್ಲಿ ಒಂದು ತೊಡಕಿದೆ: ತಡೆಯುವ ಒತ್ತಡಕ್ಕೂ ತನ್ನದೇ ಗುರುತ್ವ ಇರುತ್ತದೆ. ಹೆಚ್ಚು ತಡೆದಷ್ಟೂ ಹೊರೆಯೂ ಹೆಚ್ಚುತ್ತದೆ. ಎಲ್ಲೋ ಒಂದು ಕಡೆ ಸೋಲಲೇಬೇಕು. 1939ರಲ್ಲಿ ಓಪನ್‌ಹೈಮರ್ ಮತ್ತು ವೋಲ್ಕಾಫ್ ಈ ಲೆಕ್ಕ ಹಾಕಿದಾಗ ಬಂದ ಮಿತಿ ಸೂರ್ಯನ 0.7 ಪಟ್ಟು ಮಾತ್ರ. ನ್ಯೂಟ್ರಾನುಗಳು ಪರಸ್ಪರ ನೂಕುವುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಂದು ಚೆನ್ನಾಗಿ ತೂಗಿದ, ತಿರುಗುತ್ತಾ ಸ್ಪಂದನ ಕಳಿಸುವ ನ್ಯೂಟ್ರಾನ್ ನಕ್ಷತ್ರಗಳಾದ ಪಲ್ಸಾರ್‌ಗಳಲ್ಲಿ ಜೆ0740+6620 ಸೂರ್ಯನ 2.08 ಪಟ್ಟು ಇದೆ, ಹೆಚ್ಚು ಕಡಿಮೆ 0.07. ಸೆಕೆಂಡಿಗೆ 707 ಸುತ್ತು ತಿರುಗುವ ಜೆ0952-0607 ಇನ್ನೂ ಭಾರ, 2.35 ಪಟ್ಟು, ಆದರೆ ಅದರ ಅನಿಶ್ಚಿತತೆ 0.17. ಮೊದಲನೆಯದಕ್ಕೆ 2019ರಲ್ಲಿ 2.14 ಎಂದಿದ್ದರು, 2021ರಲ್ಲಿ 2.08ಕ್ಕೆ ಇಳಿಸಿದರು. 2010ರಲ್ಲಿ 1.97 ಎಂದು ಸುದ್ದಿಯಾದ ಇನ್ನೊಂದು ಪಲ್ಸಾರ್ ಈಗ 1.91ರಲ್ಲಿದೆ. ವಯಸ್ಸಾದಂತೆ ತೂಕ ಇಳಿಯುವ ಭಾಗ್ಯ ಪಲ್ಸಾರ್‌ಗಳಿಗೆ ಮಾತ್ರ.

ಅವಳ ಯೋಚನೆ ಹೀಗಿತ್ತು: ದ್ರವ್ಯ 2.59 ಪಟ್ಟು ಹೊರಲಾರದಿದ್ದರೆ ಗುರುತ್ವದ ನಿಯಮವನ್ನೇ ಸ್ವಲ್ಪ ಬದಲಿಸಿ ನೋಡೋಣ. ಇದಕ್ಕೆ ತೀರಾ ಸರಳ ದಾರಿ, ಐನ್‌ಸ್ಟೈನರ ಸೂತ್ರದಲ್ಲಿರುವ ವಕ್ರತೆಯ (ದೇಶಕಾಲ ಎಷ್ಟು ಬಾಗಿದೆ ಎಂಬ ಅಳತೆಯ) ಜೊತೆಗೆ ವಕ್ರತೆಯ ವರ್ಗವನ್ನೂ ಸೇರಿಸುವುದು. ಆ ವರ್ಗದ ಮುಂದೆ ಆಲ್ಫಾ ಎಂಬ ಗುಣಕ. ಆಲ್ಫಾ ಸೊನ್ನೆಯಾದರೆ ಐನ್‌ಸ್ಟೈನ್ ವಾಪಸ್ಸು ಬರುತ್ತಾರೆ. 1980ರಲ್ಲಿ ಭೌತವಿಜ್ಞಾನಿ ಸ್ಟಾರೊಬಿನ್ಸ್ಕಿ ವಿಶ್ವದ ಮೊದಲ ಕ್ಷಣಗಳಿಗೆ ಬಳಸಿದ್ದೂ ಇದೇ ಪದವನ್ನು, ಆದರೆ ಅಲ್ಲಿ ಆಲ್ಫಾ ಊಹೆಗೂ ಸಿಗದಷ್ಟು ಚಿಕ್ಕದು.

ನಾನು ಒಪ್ಪಿದೆ. ನೋಂದಣಿ ಅರ್ಜಿಯಲ್ಲಿ ಶೀರ್ಷಿಕೆ ಹೀಗಿತ್ತು: ‘2.59 ಸೌರರಾಶಿಯ ಕಾಯಕ್ಕೆ ಮಾರ್ಪಡಿಸಿದ ಗುರುತ್ವದ ವಿವರಣೆ’. ಲೆಕ್ಕ ಶುರುವಾಗುವ ಮೊದಲೇ ಉತ್ತರ ಶೀರ್ಷಿಕೆಯಲ್ಲಿ ಕೂತಿತ್ತು. ಅದರ ಕೆಳಗೆ ಸಹಿ ನನ್ನದು.

ಮೊದಲ ಸಂಭ್ರಮ

ನ್ಯೂಟ್ರಾನ್ ದ್ರವ್ಯಕ್ಕೆ ಎಷ್ಟು ಸಾಂದ್ರತೆಗೆ ಎಷ್ಟು ಒತ್ತಡ ಎಂದು ಹೇಳುವ ಕೋಷ್ಟಕವನ್ನು ಸ್ಥಿತಿ ಸಮೀಕರಣ ಎನ್ನುತ್ತಾರೆ. ಇಂಥವು ಹತ್ತಾರು ಇವೆ. ಅವಳು ಹಿಡಿದದ್ದು ಎಸ್‌ಎಲ್‌ವೈ ಎಂಬುದನ್ನು. ಐನ್‌ಸ್ಟೈನರ ಗುರುತ್ವದಲ್ಲಿ ಅದರ ಗರಿಷ್ಠ ತೂಕ 2.05. ಕೇಂದ್ರದಿಂದ ಹೊರಟು, ಒತ್ತಡ ಸೊನ್ನೆಯಾಗುವವರೆಗೆ ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕುತ್ತಾ ಬಂದರೆ ನಕ್ಷತ್ರದ ಅಂಚು ಸಿಗುತ್ತದೆ. ಮೊದಲ ಎರಡು ವಾರದಲ್ಲೇ ಅವಳಿಗೆ 2.05 ಬಂತು. ಇಷ್ಟಾದರೆ ಪ್ರೋಗ್ರಾಂ ಸರಿ ಇದೆ ಎಂದು ಅರ್ಥ.

ಆಲ್ಫಾ ಸೇರಿಸಿದರೆ ಸಮೀಕರಣಗಳು ಎರಡನೆಯ ದರ್ಜೆಯಿಂದ ನಾಲ್ಕನೆಯ ದರ್ಜೆಗೆ ಏರುತ್ತವೆ. ಅದನ್ನು ನೇರವಾಗಿ ಬಿಡಿಸುವುದು ಕಷ್ಟ. ಹಾಗಾಗಿ ಹಲವರು ಹಿಡಿದಿರುವ ಅಡ್ಡದಾರಿಯನ್ನೇ ನಾನೂ ತೋರಿಸಿದೆ: ಆಲ್ಫಾ ಸಣ್ಣದು ಎಂದುಕೊಂಡು, ಐನ್‌ಸ್ಟೈನರ ಉತ್ತರದ ಮೇಲೆ ಅದನ್ನು ತೆಳು ತಿದ್ದುಪಡಿಯಾಗಿ ಲೇಪಿಸುವುದು. ನಕ್ಷತ್ರದ ಹೊರಗೆ ವಕ್ರತೆಯ ಆ ಅಂಶ ಸೊನ್ನೆ ಎಂದೇ ಇಟ್ಟುಕೊಳ್ಳುವುದು.

ಮೂರನೆಯ ವಾರದ ಒಂದು ಸಂಜೆ ಲ್ಯಾಪ್‌ಟಾಪನ್ನು ತೆರೆದುಕೊಂಡೇ ಕಾರಿಡಾರಿನಲ್ಲಿ ಓಡಿ ಬಂದಳು. “ಮೇಡಂ, 2.6 ದಾಟಿತು!” ಆಲ್ಫಾಗೆ ಋಣ ಚಿಹ್ನೆ ಕೊಟ್ಟು ಹಿಗ್ಗಿಸುತ್ತಾ ಹೋದಂತೆ ವಕ್ರರೇಖೆಯ ತುದಿ ಮೇಲಕ್ಕೆ ಏರಿತ್ತು. ಆ ದಿನ ಇಬ್ಬರೂ ಕ್ಯಾಂಟೀನಿನಲ್ಲಿ ಕಾಫಿ ಕುಡಿದೆವು. ಸಂಭ್ರಮದಲ್ಲಿ ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ.

ಚಿಹ್ನೆ

ಪ್ರಶ್ನೆ ಬಂದದ್ದು ನಾಲ್ಕು ದಿನಗಳ ನಂತರ, ಅದೂ ಬೇರೆ ಕಾರಣಕ್ಕೆ. ತಿದ್ದುಪಡಿ ನಿಜವಾಗಿಯೂ ತೆಳುವಾಗಿದೆಯೇ ಎಂದು ನೋಡಲು, ನಕ್ಷತ್ರದ ಒಳಗೆ ತಿದ್ದುಪಡಿಗೂ ಮೂಲ ಪದಕ್ಕೂ ಇರುವ ಅನುಪಾತವನ್ನು ಗ್ರಾಫಿನಲ್ಲಿ ಬಿಡಿಸಿ ತಾ ಎಂದೆ. ತಂದಳು. 2.6 ಕೊಟ್ಟ ನಕ್ಷತ್ರದ ಒಳಭಾಗದಲ್ಲಿ ತಿದ್ದುಪಡಿ ಮೂಲದ ಮೂರನೆಯ ಒಂದರಷ್ಟಿತ್ತು. ದೋಸೆಗೆ ಸವರಿದ ಬೆಣ್ಣೆ ದೋಸೆಯ ಮೂರನೆಯ ಒಂದು ಭಾಗ ದಪ್ಪವಾಗಿದ್ದರೆ ಅದನ್ನು ಸವರಿದ್ದು ಎನ್ನಲಾಗದು.

ಆಗಲಾದರೂ ಚಿಹ್ನೆಯತ್ತ ಕಣ್ಣು ಹೋಯಿತು. ಈ ಸಿದ್ಧಾಂತದಲ್ಲಿ ವಕ್ರತೆ ತಾನೇ ಒಂದು ಕ್ಷೇತ್ರದ ಹಾಗೆ ವರ್ತಿಸುತ್ತದೆ. ಅದಕ್ಕೊಂದು ಕಣವಿದೆ, ಆ ಕಣದ ದ್ರವ್ಯರಾಶಿಯ ವರ್ಗ ಆಲ್ಫಾದ ಆರು ಪಟ್ಟಿಗೆ ವಿಲೋಮ. ಆಲ್ಫಾ ಧನವಾದರೆ ನಕ್ಷತ್ರದ ಹೊರಗೆ ವಕ್ರತೆ ಬೇಗ ಬೇಗ ಕರಗಿ ಸೊನ್ನೆಗೆ ಹೋಗುತ್ತದೆ. ಋಣವಾದರೆ ಆ ವರ್ಗವೇ ಋಣ. ಹೊರಗೆ ವಕ್ರತೆ ಕರಗದೆ ಏರಿಳಿಯುತ್ತಲೇ ಇರುತ್ತದೆ, ನಿರ್ವಾತವೇ ಅಸ್ಥಿರವಾಗುತ್ತದೆ. ಹೊರಗೆ ಸೊನ್ನೆ ಎಂದು ನಾವೇ ಇಟ್ಟುಕೊಂಡಿದ್ದರಿಂದ ಈ ಕಾಯಿಲೆ ಕಾಣಿಸಿರಲಿಲ್ಲ. ಸೊನ್ನೆಯ ಷರತ್ತನ್ನು ತೆಗೆದು ಅವಳು ಮತ್ತೆ ಓಡಿಸಿದಳು. ಅಂಚಿನಿಂದ ಆಚೆಗೆ ರೇಖೆ ಕುಕ್ಕರಹಳ್ಳಿ ಕೆರೆಗೆ ಕಲ್ಲೆಸೆದಂತೆ ಅಲೆಅಲೆಯಾಗಿ ಹೋಯಿತು. ನೂರು ಕಿ.ಮೀ., ಇನ್ನೂರು ಕಿ.ಮೀ., ನಿಲ್ಲಲೇ ಇಲ್ಲ.

ಇಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಸಲ್ಲಿಕೆಗೆ ಹತ್ತು ವಾರ ಉಳಿದಿತ್ತು. 2.6ರ ಗ್ರಾಫನ್ನು ಇಟ್ಟುಕೊಂಡು, ಮಿತಿಗಳನ್ನು ಅಡಿಟಿಪ್ಪಣಿಯಲ್ಲಿ ಹೇಳಿ, ವರದಿ ಮುಗಿಸಬಹುದಿತ್ತು. ಪ್ರಾಜೆಕ್ಟ್ ವರದಿಗಳ ಅಡಿಟಿಪ್ಪಣಿಯನ್ನು ಓದುವವರು ಕಡಿಮೆ. ನಾನು ಆ ಮಾತನ್ನು ಬಾಯಿಬಿಟ್ಟು ಹೇಳಿದೆ ಕೂಡ, ಏಕೆಂದರೆ ಅವಳಿಗೆ ಅಂಕ ಬೇಕಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಧನ ಚಿಹ್ನೆ ಇಟ್ಟು, ಪೂರ್ತಿ ಸಮೀಕರಣವನ್ನೇ ಬಿಡಿಸಿ ನೋಡುತ್ತೇನೆ ಮೇಡಂ,” ಎಂದಳು. ನಾನು ತಡೆಯಲಿಲ್ಲ. ಇದಕ್ಕಿಂತ ಹೆಚ್ಚಿನ ಪಾತ್ರ ಆ ತೀರ್ಮಾನದಲ್ಲಿ ನನ್ನದಿಲ್ಲ.

ಹದಿನೈದು ಅಂಕೆಗಳ ಹಗ್ಗ

ಪೂರ್ತಿ ಸಮೀಕರಣದಲ್ಲಿ ಕೇಂದ್ರದ ವಕ್ರತೆ ಎಷ್ಟು ಎಂದು ಮೊದಲೇ ಗೊತ್ತಿರುವುದಿಲ್ಲ. ಊಹಿಸಬೇಕು. ಊಹಿಸಿ ಹೊರಗಿನವರೆಗೂ ಲೆಕ್ಕ ಹಾಕಿ, ದೂರದಲ್ಲಿ ಸೊನ್ನೆಗೆ ಇಳಿಯಿತೇ ಎಂದು ನೋಡಬೇಕು. ತೊಂದರೆ ಏನೆಂದರೆ ಹೊರಗೆ ಎರಡು ಬಗೆಯ ಉತ್ತರಗಳಿವೆ, ಒಂದು ಕರಗುವುದು, ಒಂದು ಉಬ್ಬುವುದು. ಊಹೆ ಕೂದಲೆಳೆಯಷ್ಟು ಹೆಚ್ಚಾದರೆ ರೇಖೆ ಮೇಲಕ್ಕೆ ಹಾರಿಹೋಗುತ್ತದೆ, ಕಡಿಮೆಯಾದರೆ ಕೆಳಕ್ಕೆ ಬೀಳುತ್ತದೆ. ಎರಡರ ನಡುವೆ ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ ಹಿಡಿಯಬೇಕು.

ಅವಳ ನೋಟ್‌ಬುಕ್ಕಿನ ಒಂದು ಪುಟ ನನ್ನ ಬಳಿ ಇನ್ನೂ ಇದೆ. ಎಡಕ್ಕೆ ಊಹೆಗಳು, ಬಲಕ್ಕೆ ‘ಮೇಲೆ’, ‘ಕೆಳಗೆ’, ‘ಮೇಲೆ’, ‘ಮೇಲೆ’, ‘ಕೆಳಗೆ’. ಸಾಲು ಸಾಲಾಗಿ ಅಂಕೆಗಳು ಒಂದರ ಕೆಳಗೊಂದು, ಪ್ರತಿ ಸಾಲಿನಲ್ಲೂ ಕೊನೆಯ ಅಂಕೆ ಮಾತ್ರ ಬೇರೆ. ಹದಿನೈದನೆಯ ಅಂಕೆಗೆ ಬಂದಾಗ ಕಂಪ್ಯೂಟರಿನ ನಿಖರತೆಯೇ ಮುಗಿಯುತ್ತದೆ. ಅಲ್ಲಿಗೆ ರೇಖೆ ನಕ್ಷತ್ರದ ಹೊರಗೆ ಹಲವು ಹತ್ತು ಕಿ.ಮೀ. ದೂರ ನೆಟ್ಟಗೆ ಹೋಗಿ ಆಮೇಲೆ ಹಾರುತ್ತಿತ್ತು. ಹಾರುವ ಜಾಗ ಸಾಕಷ್ಟು ದೂರವಿದ್ದರೆ ಅದಕ್ಕೂ ಮೊದಲೇ ಕತ್ತರಿಸಿ ಉತ್ತರ ಓದಬಹುದು ಎಂದು ಕಂಡುಕೊಳ್ಳಲು ಅವಳಿಗೆ ಮೂರು ವಾರ ಹಿಡಿಯಿತು.

ನಂತರ ಬಂದ ಉತ್ತರ ಅವಳನ್ನು ಕಂಗೆಡಿಸಿತು. “ಆಲ್ಫಾ ಹೆಚ್ಚಿಸಿದಷ್ಟೂ ನಕ್ಷತ್ರ ಹಗುರವಾಗುತ್ತಿದೆ ಮೇಡಂ. ಎಲ್ಲ ತಲೆಕೆಳಗು.” ಅಂಚಿನೊಳಗಿನ ತೂಕ ನಿಜಕ್ಕೂ ಇಳಿಯುತ್ತಿತ್ತು. ನನಗೂ ತಕ್ಷಣ ಹೊಳೆಯಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಒಂದು ವಾರ ಕಳೆದೆವು.

ಬಿಡಿಸಿದ್ದು ಅವಳೇ, ಊರಿಗೆ ಹೋಗಿ ಬಂದ ಮೇಲೆ. ಕಬ್ಬು ಅರೆಯುವ ಕಾಲ. ಅವಳ ತಂದೆಗೆ ಒಂದು ಅಭ್ಯಾಸ: ಲೋಡನ್ನು ದಾರಿಯಲ್ಲಿ ಒಮ್ಮೆ ತೂಗಿಸಿ ಚೀಟಿ ಪಡೆಯುವುದು, ಕಾರ್ಖಾನೆಯ ಗೇಟಿನಲ್ಲಿ ಮತ್ತೊಮ್ಮೆ ತೂಗಿದಾಗ ಆ ಚೀಟಿಯನ್ನೂ ಜೊತೆಗಿಡುವುದು. ಎರಡು ಯಾವತ್ತೂ ಒಂದೇ ಇರುವುದಿಲ್ಲ. ಸಾಲಿನಲ್ಲಿ ನಿಂತು ಕಬ್ಬು ಒಣಗುತ್ತದೆ, ಸೋಗೆ, ಮಣ್ಣು ಎಂದು ಕಳೆಯುವುದೂ ಉಂಟು. “ಎಷ್ಟು ಬಂತು ಅಪ್ಪ ಎಂದು ಕೇಳಿದೆ ಮೇಡಂ. ಯಾವ ಚೀಟಿ ಎಂದರು,” ಎಂದಳು.

ನಾವು ಓದುತ್ತಿದ್ದದ್ದು ದಾರಿಯ ಚೀಟಿ. ಐನ್‌ಸ್ಟೈನರ ಗುರುತ್ವದಲ್ಲಿ ನಕ್ಷತ್ರದ ಅಂಚಿನಲ್ಲಿ ಓದಿದ ತೂಕವೂ ದೂರದಿಂದ ಓದಿದ ತೂಕವೂ ಒಂದೇ, ಏಕೆಂದರೆ ಅಂಚಿನ ಆಚೆ ಸೇರಿಸಲು ಏನೂ ಉಳಿದಿಲ್ಲ. ಈ ಸಿದ್ಧಾಂತದಲ್ಲಿ ಹಾಗಲ್ಲ. ಅಂಚಿನ ಆಚೆಗೂ ವಕ್ರತೆ ಸ್ವಲ್ಪ ದೂರ ಉಳಿದಿರುತ್ತದೆ, ಅದೂ ತೂಗುತ್ತದೆ. ನಕ್ಷತ್ರದ ಸುತ್ತ ಗುರುತ್ವದ್ದೇ ಒಂದು ಗೋಳ. ಪಲ್ಸಾರ್‌ನ ತೂಕ ಹಿಡಿಯುವ ಖಗೋಳಜ್ಞರು ಓದುವುದು ದೂರದ ಚೀಟಿಯನ್ನು: ಸ್ಪಂದನ ಜೊತೆಗಾರ ನಕ್ಷತ್ರದ ಪಕ್ಕ ಹಾದು ಬರುವಾಗ ಎಷ್ಟು ಮೈಕ್ರೊಸೆಕೆಂಡ್ ತಡವಾಯಿತು, ಕಕ್ಷೆ ಹೇಗೆ ಸಾಗುತ್ತಿದೆ ಎಂಬುದನ್ನು. ಅವಳು ಓದುವ ಜಾಗವನ್ನು ದೂರಕ್ಕೆ ಸರಿಸಿದಳು. ಒಳಗಿನ ಇಳಿಕೆಯನ್ನು ಹೊರಗಿನ ಗೋಳ ತುಂಬಿ ಮೇಲಷ್ಟು ಕೊಟ್ಟಿತ್ತು.

ಎಷ್ಟು ಕೊಟ್ಟಿತು? ಅವಳು ಓಡಿಸಿದ ಆಲ್ಫಾಗಳಿಗೆ ಹತ್ತಿರ ಹತ್ತಿರ ಶೇಕಡ 10. 2.05 ಇದ್ದದ್ದು 2.2ರ ಆಸುಪಾಸಿಗೆ ಬಂತು. 2.59 ಅಲ್ಲ. ಸೂರ್ಯನ 1.4 ಪಟ್ಟಿನ ಸಾಧಾರಣ ನಕ್ಷತ್ರದ ತ್ರಿಜ್ಯವಂತೂ ಹೆಚ್ಚು ಕಡಿಮೆ ಅಲುಗಲೇ ಇಲ್ಲ.

ಯಾರ ತಕ್ಕಡಿ

ಶೀರ್ಷಿಕೆ ಬಿದ್ದುಹೋಯಿತು. ಆದರೆ ಚೀಟಿಯ ಪ್ರಶ್ನೆ ಅವಳ ತಲೆಯಿಂದ ಇಳಿಯಲಿಲ್ಲ. ಒಂದು ಬೆಳಿಗ್ಗೆ ಬಂದು ಕೇಳಿದಳು: “2.59 ಎನ್ನುವುದು ಯಾರ ತಕ್ಕಡಿಯಲ್ಲಿ ಬಂದ ತೂಕ ಮೇಡಂ?”

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಗಳಿಗೆ ಇದು. ಆ ಸಂಖ್ಯೆ ಬಂದದ್ದು ಅಲೆಯ ಸಂಕೇತವನ್ನು ಐನ್‌ಸ್ಟೈನರ ಸಿದ್ಧಾಂತದಿಂದ ಮಾಡಿದ ಮಾದರಿಗಳಿಗೆ ಹೋಲಿಸಿ. ಐನ್‌ಸ್ಟೈನ್ ಸರಿ ಎಂದು ನಂಬಿ ತೂಗಿದ ಸಂಖ್ಯೆಯನ್ನು ಹಿಡಿದು, ಐನ್‌ಸ್ಟೈನ್ ಸಾಲದು ಎಂದು ವಾದಿಸಲು ನಾವು ಹೊರಟಿದ್ದೆವು. ಅಷ್ಟಕ್ಕೇ ವಾದ ಸತ್ತುಹೋಗುವುದಿಲ್ಲ, ಆದರೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಅವಳು ಒಪ್ಪಿಸಿದಳು. ಸೂರ್ಯನ ಅರ್ಧ ತೂಕಕ್ಕೆ ಹೊಂದುವ ಶ್ವಾರ್ಜ್‌ಶಿಲ್ಡ್ ತ್ರಿಜ್ಯ, ಎಂದರೆ ಅಷ್ಟು ತೂಕ ಕಪ್ಪುಕುಳಿಯಾಗಲು ಕುಗ್ಗಬೇಕಾದ ತ್ರಿಜ್ಯ, 1.48 ಕಿ.ಮೀ. ಆ ಉದ್ದದ ವರ್ಗವನ್ನು ಮಾನವಾಗಿ ಹಿಡಿದರೆ, ಆಲ್ಫಾ 10 ಇದ್ದಾಗ ವಕ್ರತೆಯ ಆ ಕಣ ತರುವ ಹೊಸ ಬಲದ ವ್ಯಾಪ್ತಿ ಸುಮಾರು 11 ಕಿ.ಮೀ. ಸಂಕೇತ ಸೆಕೆಂಡಿಗೆ 20 ಅಲೆಗಳ ಹಂತದಲ್ಲಿದ್ದಾಗ ಆ ಎರಡು ಕಾಯಗಳ ನಡುವೆ ಸುಮಾರು 950 ಕಿ.ಮೀ. ಇರುತ್ತದೆ. ಅಷ್ಟು ದೂರದಲ್ಲಿ 11 ಕಿ.ಮೀ. ವ್ಯಾಪ್ತಿಯ ಬಲ ಸತ್ತೇ ಹೋಗಿರುತ್ತದೆ, ತಕ್ಕಡಿ ನಂಬಿಕೆಗೆ ಯೋಗ್ಯ. ಆಲ್ಫಾವನ್ನು ಸಾವಿರಾರು ಪಟ್ಟು ಹಿಗ್ಗಿಸಿದರೆ ಮಾತ್ರ ತಕ್ಕಡಿಯೇ ವಾಲುತ್ತದೆ. ಈ ಒಂದು ಪುಟ ವರದಿಯ ಅತ್ಯುತ್ತಮ ಪುಟ, ಮತ್ತು ಅದನ್ನು ನಾನು ಹೇಳಿ ಬರೆಸಿದ್ದಲ್ಲ.

ಇದರ ಜೊತೆಗೆ ಇನ್ನೊಂದು ಹೋಲಿಕೆ ಇಟ್ಟಳು. ಎಸ್‌ಎಲ್‌ವೈ ಬಿಟ್ಟು ಎಂಎಸ್1 ಎಂಬ ಗಡುಸಾದ ಸ್ಥಿತಿ ಸಮೀಕರಣವನ್ನು ಹಿಡಿದರೆ, ಗುರುತ್ವವನ್ನು ಮುಟ್ಟದೆಯೇ ಗರಿಷ್ಠ ತೂಕ 2.77ಕ್ಕೆ ಹೋಗುತ್ತದೆ. ರಾಗಿ ಹಿಟ್ಟು ಬದಲಾದರೆ ಮುದ್ದೆ ಗಟ್ಟಿಯಾಗುತ್ತದೆ, ಅದಕ್ಕೆ ಒಲೆಯನ್ನು ಬದಲಿಸಬೇಕಿಲ್ಲ. ಆದರೆ 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಬಂದ ಅಲೆಯಲ್ಲಿ, ಅವು ಒಂದರ ಸೆಳೆತಕ್ಕೆ ಇನ್ನೊಂದು ಎಷ್ಟು ವಿರೂಪಗೊಂಡವು ಎಂಬ ಸುಳಿವಿತ್ತು. ಎಂಎಸ್1ನಂಥ ಉಬ್ಬಿದ, ಸುಲಭವಾಗಿ ವಿರೂಪಗೊಳ್ಳುವ ನಕ್ಷತ್ರಗಳು ಅದಕ್ಕೆ ಹೊಂದುವುದಿಲ್ಲ. ಇನ್ನು ತಿರುಗುವಿಕೆಯೇ ತೂಕವನ್ನು ಶೇಕಡ 20ರಷ್ಟು ಏರಿಸಬಲ್ಲದು. ಮೂರು ಗುಬುಟುಗಳು, ಒಂದೇ ಮುಳ್ಳು. ಯಾವುದನ್ನು ತಿರುಗಿಸಿದರೂ ಮುಳ್ಳು ಬಲಕ್ಕೆ ಹೋಗುತ್ತದೆ.

ಹೊಸ ಶೀರ್ಷಿಕೆಯಲ್ಲಿ 2.59 ಇರಲಿಲ್ಲ. ‘ವಕ್ರತೆಯ ವರ್ಗಪದವು ನ್ಯೂಟ್ರಾನ್ ನಕ್ಷತ್ರದ ಗರಿಷ್ಠ ರಾಶಿಯನ್ನು ಎಷ್ಟು ಏರಿಸುತ್ತದೆ’ ಎಂದಾಯಿತು. ಶೀರ್ಷಿಕೆ ಬದಲಾವಣೆಗೆ ಕಚೇರಿಯಲ್ಲಿ ಮೂರು ಸಹಿ, ಒಂದು ವಿವರಣೆ ಪತ್ರ. ಸಮೀಕರಣಕ್ಕಿಂತ ಅದಕ್ಕೇ ಹೆಚ್ಚು ಓಡಾಡಿದೆವು.

ವೈವಾ

ಹೊರಗಿನ ಪರೀಕ್ಷಕರು ಗ್ರಾಫುಗಳನ್ನು ಬೇಗ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು. “ನಿಮ್ಮ ಬಲದ ವ್ಯಾಪ್ತಿ 11 ಕಿ.ಮೀ. ಅಂದರೆ ಈ ಕೋಣೆಯಲ್ಲೂ ಅದು ಇರಬೇಕಲ್ಲ?”

ಇರಬೇಕು. ಈ ಸಿದ್ಧಾಂತದಲ್ಲಿ ಹತ್ತಿರದ ಎರಡು ವಸ್ತುಗಳ ನಡುವಿನ ಸೆಳೆತ, ದೂರದ ಸೆಳೆತಕ್ಕಿಂತ ಮೂರನೆಯ ಒಂದರಷ್ಟು ಹೆಚ್ಚು. ಪ್ರಯೋಗಶಾಲೆಯ ತಿರುಚು ತಕ್ಕಡಿಗಳು ನ್ಯೂಟನ್‌ನ ನಿಯಮವನ್ನು ಮಿಲಿಮೀಟರಿನ ಹತ್ತನೆಯ ಒಂದಕ್ಕಿಂತ ಕಡಿಮೆ ದೂರದವರೆಗೆ ಪರೀಕ್ಷಿಸಿವೆ. ಇಂಥ ಹೆಚ್ಚುವರಿ ಸೆಳೆತ ಎಲ್ಲೂ ಕಂಡಿಲ್ಲ. ಹಾಗಾಗಿ ಆಲ್ಫಾ ಎಲ್ಲ ಕಡೆಯೂ ಒಂದೇ ಆಗಿದ್ದರೆ 11 ಕಿ.ಮೀ.ನ ಮಾತೇ ಇಲ್ಲ. ನ್ಯೂಟ್ರಾನ್ ನಕ್ಷತ್ರದ ತೀವ್ರ ಗುರುತ್ವದಲ್ಲಿ ಮಾತ್ರ ಇದು ಜಾಗೃತವಾಗುತ್ತದೆ ಎಂದು ಬೇರೆಯಾಗಿ ಊಹಿಸಬೇಕು, ಆ ಊಹೆಗೆ ಕಾರಣವನ್ನೂ ಕೊಡಬೇಕು.

ಅವಳ ಬಳಿ ಉತ್ತರ ಇರಲಿಲ್ಲ. “ಇದನ್ನು ನಾನು ಯೋಚಿಸಿರಲಿಲ್ಲ ಸರ್,” ಎಂದಳು. ನಾನು ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದೆ. ಏಕೆಂದರೆ ನಾನು ಯೋಚಿಸಿದ್ದೆ, ಆರು ತಿಂಗಳ ಹಿಂದೆಯೇ, ಆದರೆ ಬದಿಗಿಟ್ಟಿದ್ದೆ. ಅವಳಿಗೆ ಮೊದಲ ವಾರವೇ ಹೇಳಬೇಕಾಗಿದ್ದ ಮಾತು. ಹೇಳಿದ್ದರೆ ಬಹುಶಃ ಅವಳು ಈ ವಿಷಯವನ್ನೇ ಹಿಡಿಯುತ್ತಿರಲಿಲ್ಲ ಎಂಬ ಭಯ ಇತ್ತು. ಈ ಪ್ರಕರಣದಲ್ಲಿ ನಾನು ಸಮರ್ಥಿಸಿಕೊಳ್ಳಲಾಗದ ಭಾಗ ಇದು.

ಪರೀಕ್ಷಕರು ಅಂಕ ಕಡಿಯಲಿಲ್ಲ. ಒಂದು ಪುಟ ಸೇರಿಸಿ ಕೊಡಲು ಹೇಳಿದರು. ಆ ಪುಟವನ್ನು ಅವಳು ಎರಡು ದಿನದಲ್ಲಿ ಬರೆದಳು. ಅದರ ಮೊದಲ ಸಾಲು: ‘ಈ ಲೆಕ್ಕದ ಆಲ್ಫಾ ಭೂಮಿಯ ಮೇಲೆ ಊರ್ಜಿತವಲ್ಲ.’

ಈಗ ಅವಳು ಮಂಡ್ಯ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. 2.59ರ ಆ ಕಾಯ ಏನೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. 2024ರ ಆರಂಭದಲ್ಲಿ ಎನ್‌ಜಿಸಿ 1851 ಎಂಬ ನಕ್ಷತ್ರಗುಚ್ಛದ ಒಂದು ಪಲ್ಸಾರ್‌ನ ಜೊತೆಗಾರನ ತೂಕ 2.09ರಿಂದ 2.71ರ ನಡುವೆ ಎಂದು ಪ್ರಕಟವಾದ ದಿನ ಅವಳಿಂದ ಸಂದೇಶ ಬಂದಿತ್ತು: “ಯಾವ ಚೀಟಿ ಮೇಡಂ?”

ಕಳೆದ ತಿಂಗಳು ಒಂದು ಕಡತ ಕಳುಹಿಸಿದ್ದಾಳೆ. ಅದೇ ಪ್ರೋಗ್ರಾಂ, ಈ ಸಲ ತಿರುಗುವ ನಕ್ಷತ್ರಕ್ಕೆ. ಕಾಲೇಜು ಮುಗಿಸಿ ರಾತ್ರಿ ಕೂತು ಬರೆದದ್ದು. ನಿಧಾನವಾಗಿ ತಿರುಗುವಾಗ ಸರಿಯಾಗಿಯೇ ಓಡುತ್ತದೆ. 707 ಸುತ್ತಿಗೆ ಏರಿಸಿದರೆ ರೇಖೆ ಹದಿಮೂರನೆಯ ಅಂಕೆಯಲ್ಲೇ ಮೇಲಕ್ಕೆ ಹಾರಿಹೋಗುತ್ತದೆ. ನಾನಿನ್ನೂ ನೋಡಿ ಮುಗಿಸಿಲ್ಲ.